ಒತ್ತಿ ಹಿಡಿದ ಬ್ರೇಕ್

"ಒತ್ತಿ ಹಿಡ್ಕೊಳ್ಳಿ ಅಪ್ಪಾ," ಎಂದು ಹಳೆಯ ಅಮೆರಿಕನ್ ಕಾರಿನಡಿ ಮಲಗಿದ್ದ ಮಗ ಕೂಗಿದ. "ಹಿಡಿದಿದ್ದೀನಿ ಕಣೋ," ಎಂದಿತು ಮೇಲಿನಿಂದ ಅಪ್ಪನ ದನಿ. ಅಪ್ಪ ಬ್ರೇಕ್ ಪೆಡಲ್ ಒತ್ತಿ ಹಿಡಿದಿರುವಾಗ ಮಗ ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲಿಸಿದರೆ, ಬ್ರೇಕ್ ಆಯಿಲ್ ಜೊತೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬರಬೇಕು. ಚಿಮ್ಮಿದ ಆಯಿಲ್ ತಟ್ಟನೆ ಹಿಂದಕ್ಕೆ ಸರಿಯಿತು. ಪೆಡಲ್ ಮೇಲೆದ್ದಿದೆ, ಗಾಳಿ ಮತ್ತೆ ಒಳಹೊಕ್ಕಿದೆ. ಬೆಳಗಿನಿಂದ ಹಾಡಿದ್ದೇ ಹಾಡು.

"ಕಾಲು ಎತ್ತಬೇಡಿ ಅಂದ್ನಲ್ಲ."

"ಎತ್ತಿದ್ರೆ ತಾನೆ? ಈ ಆನೆಯನ್ನ ನಾನು ಓಡಿಸ್ತಿದ್ದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ನನಗೇ ಬ್ರೇಕ್ ಹೇಳಿಕೊಡ್ತೀಯಾ?"

ಮಗ ರೇಗಿಕೊಂಡೇ ತೆವಳಿ ಹೊರಬಂದು, ತೆರೆದ ಬಾಗಿಲಿನಿಂದ ಬಗ್ಗಿ ನೋಡಿದ. ಅಪ್ಪ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಗಾಜಿನಾಚೆ ನೇರ ನೋಡುತ್ತ ಕೂತಿದ್ದರು. ಅವರ ಬಲಗಾಲು ಪೆಡಲಿನಿಂದ ಜಾರಿ, ಪಕ್ಕದ ನೆಲವನ್ನು ಮೀನಖಂಡ ನಡುಗುವಷ್ಟು ಬಲವಾಗಿ ಒತ್ತುತ್ತಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಸಕ್ಕರೆ ಕಾಯಿಲೆಗೆ ಪಾದ ಮರಗಟ್ಟುತ್ತಿದೆ ಎಂದು ಡಾಕ್ಟರು ಹೇಳಿದ್ದು ಇದನ್ನೇ.

"ಇನ್ನೂ ಜೋರಾಗಿ ಒತ್ತಲಾ?"

"ಬೇಡ ಅಪ್ಪಾ. ಸರಿಯಾಗೇ ಹಿಡಿದಿದ್ದೀರಿ."

"ಮತ್ತೆ? ಬೇಗ ಮುಗಿಸು," ಎಂದು ಅಪ್ಪ ಅಂಗಿಯ ಜೇಬಿನಲ್ಲಿದ್ದ ಕಾರಿನ ಕೀಲಿಯನ್ನು ತಟ್ಟಿಕೊಂಡರು. "ಸಂಜೆ ನಿಮ್ಮಮ್ಮನ್ನ ಕೂರಿಸ್ಕೊಂಡು ನಾನೇ ಒಂದು ಸುತ್ತು ಹೊಡ್ಕೊಂಡು ಬರ್ತೀನಿ."