ಕೊನೆಯ ಹಾಳೆಯ ಅಭಿಪ್ರಾಯ

ಶನಿವಾರ ಆ ಸಾಲು ಇರಲಿಲ್ಲ. ಗುರುವಾರ ಇತ್ತು. ಅಂದರೆ ಮನೆಯಲ್ಲೇ ಬರೆದದ್ದು!

ಜಯಶೀಲಾಳ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದದ್ದು ಜಯನಗರದ ಕೊಟ್ರಪ್ಪನ ಬಾಡಿಗೆ ಲೈಬ್ರರಿಯ ಕಾದಂಬರಿ. ಎಸ್ಟೇಟ್ ಮಾಲೀಕನ ಮಗ, ಟೈಪಿಸ್ಟ್ ಹುಡುಗಿ, ನಡುವೆ ನೂರೆಂಟು ಪುಟ ಕಣ್ಣೀರು. ಕೊಟ್ರಪ್ಪ ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಅಂಟಿಸುತ್ತಿದ್ದ. ಓದಿದವರು ಅಭಿಪ್ರಾಯ ಬರೆಯಬೇಕು, ಹೆಸರು ಮಾತ್ರ ಹಾಕಬಾರದು. ಅದು ಅವನ ಅಂಗಡಿಯ ಶಿಸ್ತು.

‘ಸೂಪರ್.’ ‘ಅತ್ತೂ ಅತ್ತೂ ಸಾಕಾಯಿತು.’ ‘ಇದಕ್ಕಿಂತ ಅವರ ಹಿಂದಿನದೇ ವಾಸಿ.’ ಇವೆಲ್ಲ ಇದ್ದದ್ದೇ. ಅವುಗಳ ಕೆಳಗೆ ದುಂಡು ಅಕ್ಷರ, ಮುತ್ತು ಪೋಣಿಸಿದ ಹಾಗೆ: ‘ಪ್ರೀತಿಸಿದ ಮೇಲೆ ಲೋಕಕ್ಕೆ ಹೆದರುವುದೇಕೆ? ಇನ್ನೆಷ್ಟು ದಿನ ಕಾಯಿಸುವುದು?’

ಅದಕ್ಕೂ ಕೆಳಗೆ, ಶನಿವಾರ ಅವಳು ಕದ್ದು ನೋಡಿದಾಗ ಇಲ್ಲದಿದ್ದ ಸಾಲು, ಬೇಕೆಂದೇ ಕೈ ತಿರುಚಿ ಬರೆದಂಥ ಸೊಟ್ಟ ಅಕ್ಷರ: ‘ಕಾದಂಬರಿಯಲ್ಲಿ ಎಲ್ಲ ಸುಲಭ. ಮನೆಯವರ ಮುಖ ನೋಡುವ ಧೈರ್ಯ ಎಲ್ಲಿಂದ ತರಲಿ?’

ದುಂಡು ಅಕ್ಷರ ಯಾವಳೋ ಮಿಟುಕಲಾಡಿಯದು. ಸೊಟ್ಟ ಅಕ್ಷರ ಗಂಡ ಉಗ್ರಪ್ಪನದಲ್ಲದೆ ಇನ್ಯಾರದು? ನ್ಯೂಸ್ ಪೇಪರನ್ನೂ ಪೂರ್ತಿ ಓದದ ಮನುಷ್ಯ ಆರು ತಿಂಗಳಿಂದ ಶನಿವಾರ ತಪ್ಪದೆ ಪ್ರೇಮಕಾದಂಬರಿ ಹೊತ್ತು ತರುತ್ತಿದ್ದ. ತಂದದ್ದನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ತಾಯಿಯ ಕೋಣೆಯ ಗೂಡಿನಲ್ಲಿ ಇಡುತ್ತಿದ್ದ. ಮಧ್ಯಾಹ್ನ ಎರಡು ಗಂಟೆ ಕದ ಹಾಕಿಕೊಂಡು ಜಪಕ್ಕೆ ಕೂರುವ ವಿಧವೆಯ ಕೋಣೆ. ಅಲ್ಲಿ ಯಾರು ಹುಡುಕುತ್ತಾರೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೇನು ಗೊತ್ತಾಗುವುದಿಲ್ಲವೇ?

ಗಂಡನನ್ನು ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ. ಏಳು ವರ್ಷ ಇವನ ಮನೆಯಲ್ಲಿ ಬೆವರು ಸುರಿಸಿದ್ದಕ್ಕೆ ಇದೇ ಬಹುಮಾನವೇ? ಆ ದುಂಡು ಅಕ್ಷರದವಳನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ನೀರಿಳಿಸಬೇಕು. ಆಮೇಲೆ ಇವನ ಗ್ರಹಚಾರ ಬಿಡಿಸಬೇಕು. ತವರಿಗೆ ಹೋಗುವುದಾದರೆ ಇವನ ಮರ್ಯಾದೆ ಮೂರುಕಾಸಿಗೆ ಹರಾಜು ಹಾಕಿಯೇ ಹೋಗಬೇಕು.

ಪೆನ್ನು ತಂದಳು. ಸೊಟ್ಟ ಅಕ್ಷರವನ್ನೇ ಅನುಕರಿಸಿ ಬರೆದಳು: ‘ಭಾನುವಾರ ಸಂಜೆ ಐದಕ್ಕೆ ನಾಲ್ಕನೇ ಬ್ಲಾಕ್ ಪಾರ್ಕಿನ ಕಲ್ಲುಬೆಂಚಿನ ಹತ್ತಿರ ಬನ್ನಿ.’

ಅಂದೇ ತಾನೇ ಹೋಗಿ ಪುಸ್ತಕ ಕೊಟ್ಟುಬಂದಳು.

“ಯಜಮಾನ್ರು ಬರ್ಲಿಲ್ವಾ ಮೇಡಂ?” ಎಂದ ಕೊಟ್ರಪ್ಪ. “ಸದ್ಯ, ಇವತ್ತೇ ತಂದ್ರಿ. ಈ ಪುಸ್ತಕಕ್ಕೆ ಒಬ್ರು ದಿನಾ ಬಂದು ಕೇಳ್ತಿದ್ದಾರೆ.”

“ಕೇಳ್ಲಿ, ಕೇಳ್ಲಿ. ಇದೇ ಕೊನೆ ಸಲ ಅವ್ರು ಕೇಳೋದು,” ಎಂದಳು ಜಯಶೀಲಾ.

ಭಾನುವಾರ ಊಟವಾದ ಮೇಲೆ ಅತ್ತೆ ಪಾರ್ವತಮ್ಮನ ಮುಂದೆ ಎಲ್ಲವನ್ನೂ ಒದರಿದಳು. ಹಾಳೆ, ಎರಡು ಬಗೆಯ ಅಕ್ಷರ, ತಾನು ಬರೆದ ಸಾಲು, ಒಂದನ್ನೂ ಬಿಡಲಿಲ್ಲ. ಪಾರ್ವತಮ್ಮನ ಮುಖ ಬಿಳುಚಿಕೊಂಡಿತು. ಮಗನ ಬಣ್ಣ ಬಯಲಾದರೆ ಯಾವ ತಾಯಿಯ ಮುಖ ಅರಳೀತು?

“ಅಯ್ಯೋ, ಬಿಡಮ್ಮ. ಯಾರೋ ಓದೋರು ಹುಡುಗಾಟಕ್ಕೆ ಬರ್ಕೊಂಡಿರ್ತಾರೆ. ನನ್ ಮಗ ಅಂಥೋನಲ್ಲ, ಆಣೆ ಮಾಡಿ ಹೇಳ್ತೀನಿ.”

“ಹೆತ್ತ ಕರುಳು, ಹಾಗೇ ಅನ್ನುತ್ತೆ. ಅದಕ್ಕೇ ನೀವೂ ಬರ್ಬೇಕು ಅತ್ತೆ. ನೀವೇ ಸಾಕ್ಷಿ.”

“ನಾನ್ಯಾಕಮ್ಮ? ಕಾಲು ನೋವು ಬೇರೆ.”

“ಬರ್ಲಿಲ್ಲ ಅಂದ್ರೆ ನಿಮಗೂ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ಅಂದ್ಕೋತೀನಿ.”

ಪಾರ್ವತಮ್ಮ ಚಪ್ಪಲಿ ಮೆಟ್ಟಿದರು.

ಉಗ್ರಪ್ಪ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮಲಗಿರಲಿ. ಮೊದಲು ಅವಳು, ಆಮೇಲೆ ಇವನು. ಪದ್ಮನಾಭನಗರದಿಂದ ಅಣ್ಣ ಬೈರಣ್ಣ ತೋಳು ಮಡಚಿಕೊಂಡೇ ಬಂದಿದ್ದ. ಪಕ್ಕದ ಮನೆಯ ಮಂಗಮ್ಮ ಇನ್ನಿಬ್ಬರು ಹೆಂಗಸರನ್ನು ಕರೆತಂದಿದ್ದಳು. ಇಂಥದಕ್ಕೆಲ್ಲ ಅವಳನ್ನು ಎರಡು ಸಲ ಕರೆಯಬೇಕಿಲ್ಲ. ಪಾರ್ಕಿಗೆ ಹೋಗಿ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಉಳಿದವರು ಸುತ್ತ ನಿಂತರು.

“ನಡಿಯಮ್ಮ, ಹೋಗೋಣ. ಐದು ದಾಟ್ತು, ಇನ್ಯಾರೂ ಬರಲ್ಲ,” ಎಂದರು ಪಾರ್ವತಮ್ಮ.

ಜಯಶೀಲಾ ಗಡಿಯಾರ ನೋಡಿದಳು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಹಳದಿ ಸೀರೆಯವಳೊಬ್ಬಳು ಗೇಟಿನತ್ತ ಬಂದಳು. ಬೈರಣ್ಣ ಒಂದು ಹೆಜ್ಜೆ ಮುಂದಿಟ್ಟ. ಆಕೆ ಕಡಲೆಕಾಯಿ ಕೊಂಡು ಬಸ್ ಸ್ಟಾಪಿನ ಕಡೆ ಹೊರಟುಹೋದಳು. ಕಾಲೇಜು ಹುಡುಗಿಯರಿಬ್ಬರು ನಗುತ್ತಾ ಬಂದರು. ಮಂಗಮ್ಮ ಅವರನ್ನು ದಿಟ್ಟಿಸಿ ನೋಡಿದ್ದಕ್ಕೆ ಹೆದರಿ ಬೇರೆ ದಾರಿ ಹಿಡಿದರು. ಬರಲಿ, ಬರಲಿ. ಜುಟ್ಟು ನನ್ನ ಕೈಗೆ ಸಿಗಲಿ.

ಐದಾಯಿತು. ಹೆಂಗಸಿನ ಸುಳಿವಿಲ್ಲ. ಅರವತ್ತರ ಆಸುಪಾಸಿನ ಒಬ್ಬ ಮನುಷ್ಯ ಮಾತ್ರ ಇಸ್ತ್ರಿ ಪಂಚೆಯ ಚುಂಗು ಹಿಡಿದುಕೊಂಡು ನೇರ ಇವರತ್ತಲೇ ಬರುತ್ತಿದ್ದರು. ಇನ್ನೊಂದು ಕೈಯಲ್ಲಿ ಬಾಳೆಲೆಯ ಪೊಟ್ಟಣ, ಒಳಗಿಂದ ಮಲ್ಲಿಗೆ ಇಣುಕುತ್ತಿತ್ತು.

“ಯಾರೋ ವಯಸ್ಸಾದೋರು. ಬೆಂಚು ಬಿಡಿ, ಕೂತ್ಕೊಳ್ಲಿ,” ಎಂದ ಬೈರಣ್ಣ.

ಆತ ಕೂರಲಿಲ್ಲ. ಬೈರಣ್ಣನನ್ನು ನೋಡಿದರು, ಜಯಶೀಲಾಳನ್ನು ನೋಡಿದರು, ಸುತ್ತ ನಿಂತ ಹೆಂಗಸರನ್ನೆಲ್ಲ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಬೆಂಚಿನ ಮುಂದೆ ಬಂದು ಪೊಟ್ಟಣ ನೀಡಿದರು.

“ಪಾರ್ವತೀ, ನೀವೊಬ್ರು ಬರ್ತೀರ ಅನ್ನೋದ್ರಲ್ಲೇ ನನಗೆ ನಂಬಿಕೆ ಇರ್ಲಿಲ್ಲ, ಮನೆಯೋರನ್ನೆಲ್ಲ ಒಪ್ಪಿಸಿ ಕರ್ಕೊಂಡೇ ಬಂದ್ಬಿಟ್ರಲ್ಲ!”