ಅಡಿವೆಪ್ಪನವರ ಹಾಯಿದೋಣಿ

ಮಂಚದ ಕೆಳಗೆ ಕೈಹಾಕಿದ ಸುಶಾಂತನಿಗೆ ಸಿಕ್ಕಿದ್ದು ಹಗ್ಗ. ಅಪ್ಪ ಮಲಗುವ ಬದಿಗೇ ಇತ್ತು. ನೀಲಿ ಬಣ್ಣದ್ದು, ಹತ್ತು ಮೊಳ ಉದ್ದ. ಅದರಲ್ಲಿ ಎರಡು ಗಂಟು: ಒಂದು ಕಲ್ಲಿನಷ್ಟು ಗಟ್ಟಿ, ಇನ್ನೊಂದು ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ಸಡಿಲ. ಹಳೆಯ ಸೂಟ್‌ಕೇಸ್ ಹುಡುಕಲು ಅಪ್ಪನ ಮನೆಗೆ ಬಂದವನು ಅದನ್ನು ಮರೆತು ಅಲ್ಲೇ ನೆಲಕ್ಕೆ ಕೂತ.

ಹಗ್ಗದ ಹಿಂದೆ ಒಂದು ನಕ್ಷೆಯೂ ಬಂತು. ಕೆರಿಬಿಯನ್ ಸಮುದ್ರ. ಗ್ರೆನಡಾ, ಸೇಂಟ್ ಲೂಸಿಯಾ, ಮಾರ್ಟಿನಿಕ್, ಒಂದೊಂದು ದ್ವೀಪಕ್ಕೂ ಪೆನ್ಸಿಲಿನ ಸುತ್ತು. ಅಂಚಿನಲ್ಲಿ ಇಂಗ್ಲಿಷಿನ ದಪ್ಪಕ್ಷರದ ಟಿಪ್ಪಣಿ: ಇಲ್ಲಿ ಎರಡು ತಿಂಗಳು ಲಂಗರು, ಮಳೆನೀರು ಹಿಡಿಯಬಹುದು, ತೆಂಗಿನಕಾಯಿ ಧಾರಾಳ. ಮಡಿಕೆಯೊಳಗೆ ಬಿಳಿ ಹಾಯಿದೋಣಿಯ ಫೋಟೊ. ಅದರ ಹಿಂಬದಿಯಲ್ಲಿ ಥೇಮ್ಸ್ ನದಿಯ ದಂಡೆಯ ಒಂದು ದೋಣಿಕಟ್ಟೆಯ ವಿಳಾಸ, ಜೊತೆಗೆ ‘20 ಆಗಸ್ಟ್ 2005, ಶನಿವಾರ, ಬೆಳಗ್ಗೆ ಹತ್ತು.’ ಇನ್ನು ಉಳಿದದ್ದು ಆರೇ ದಿನ.

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಅಪ್ಪನಿಗೆ ಅರವತ್ತಾರು. ಈಜು ಬಾರದು. ಒಮ್ಮೆ ಡೋವರಿನಿಂದ ಫ್ರಾನ್ಸಿಗೆ ಫೆರಿಯಲ್ಲಿ ಹೋದಾಗ ಒಂದೂವರೆ ತಾಸೂ ಪ್ಲಾಸ್ಟಿಕ್ ಚೀಲದಿಂದ ಮುಖ ಎತ್ತಿರಲಿಲ್ಲ. ಧಾರವಾಡದಿಂದ ಬಂದು ಕ್ರೋಯ್ಡನ್ನಿನ ಬಸ್ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದ ಅಡಿವೆಪ್ಪನವರು ಈಗ ದೋಣಿಯಲ್ಲೇ ಮನೆ ಮಾಡಿ ದ್ವೀಪದಿಂದ ದ್ವೀಪಕ್ಕೆ ತೇಲುತ್ತಾರಂತೆ.

ಸುಶಾಂತನಿಗೆ ಅಪ್ಪನಿಗಿಂತ ಅವ್ವನದೇ ಸಂಕಟ. ಗುರುದೇವಿ ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಎರಡು ವರ್ಷದ ಹಿಂದೆ ನಿವೃತ್ತಳಾದ ದಿನ ಮನೆಯಲ್ಲೂ ಸೌಟು ಕೆಳಗಿಟ್ಟಳು. ಅಂದಿನಿಂದ ಅವಳಿಗಿದ್ದ ಒಂದೇ ಸುಖ, ಶನಿವಾರ ಕ್ವೀನ್ಸ್‌ಬರಿಯಲ್ಲಿ ಭಜನೆ. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆಗೆ ಬರುವಳು, ಮುಖ ಕಂದಿಸಿಕೊಂಡು, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು. ತಾಳ ಬಡಿದೂ ಬಡಿದೂ ಹಾಗಾಗಿದೆ ಅನ್ನುತ್ತಿದ್ದಳು. ಇಂಥ ಸಾಧ್ವಿಯನ್ನು ಬಿಟ್ಟು ಹೋಗಲು ಈ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬಂತು?

ಅಡುಗೆಮನೆಯಿಂದ ಟಪಟಪ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಪ್ಪ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಹುಟ್ಟಿದಾರಭ್ಯ ಒಂದು ಕಪ್ ಚಹಾ ಕಾಸಿದವರಲ್ಲ. ಮೂಗಿನ ಮೇಲೆ ಹಿಟ್ಟು, ಹಣೆಯ ತುಂಬ ಬೆವರು. ಒಂಟಿ ಬಾಳಿಗೆ ತಯಾರಿ ನಡೆದಿದೆ ಎಂದು ಸುಶಾಂತ ಖಾತ್ರಿಮಾಡಿಕೊಂಡ.

“ಅಪ್ಪಾ, ದೋಣ್ಯಾಗ ಹೊಂಟೀರಂತ?”

ರೊಟ್ಟಿ ನಡುವೆ ಹರಿಯಿತು. “ಯಾರು ಹೇಳಿದ್ರು?”

“ಮಂಚದ ಕೆಳಗ ಎಲ್ಲಾ ನೋಡೀನಿ. ಅವ್ವಗ ಗೊತ್ತೈತೇನು?”

“ಗೊತ್ತೈತಿ. ಆರು ತಿಂಗಳಿಂದ ಕೇಳಾಕತ್ತೀನಿ. ಇನ್ನಾ ಹೂಂ ಅಂದಿಲ್ಲ.” ಅಡಿವೆಪ್ಪನವರು ಹರಿದ ರೊಟ್ಟಿಯನ್ನು ಬೆರಳಿನಿಂದ ಒತ್ತಿ ಕೂಡಿಸಲು ನೋಡಿದರು. “ನೀನಾರ ಅಕಿಗೆ ಒಂದ ಮಾತು ಹೇಳೋ ತಮ್ಮಾ.”

ಹೇಳುತ್ತೇನೆ, ಆದರೆ ನಿಮಗೆ ಬೇಕಾದ ಮಾತನ್ನಲ್ಲ ಅಂದುಕೊಂಡ ಸುಶಾಂತ.

ಗುರುದೇವಿ ಟೀವಿಯಲ್ಲಿ ಹವಾಮಾನ ವರದಿ ನೋಡುತ್ತ ಕೂತಿದ್ದಳು. ಧಾರಾವಾಹಿ ಹಚ್ಚಿದರೆ ಗೊರಕೆ ಹೊಡೆಯುವವಳು ಗಾಳಿಮಳೆಯ ಸುದ್ದಿಗೆ ಮಾತ್ರ ರೆಪ್ಪೆ ಬಡಿಯುತ್ತಿರಲಿಲ್ಲ. ಹಿತ್ತಲಲ್ಲಿ ಒಣಹಾಕಿದ ಬಟ್ಟೆಯ ಚಿಂತೆ, ಪಾಪ.

“ಅವ್ವಾ, ಅಪ್ಪನ ಮಾತಿಗೆ ನೀ ಒಪ್ಪಬ್ಯಾಡ.”

“ಎಷ್ಟು ಬೇಡಿಕೊಂಡ್ರೂ?”

“ಎಷ್ಟು ಬೇಡಿಕೊಂಡ್ರೂ.”

ಗುರುದೇವಿ ಟೀವಿಯ ದನಿ ತಗ್ಗಿಸಿದಳು. “ಖರೇ ಹೇಳ್ತಿ. ಸಮುದ್ರಕ್ಕ ಅವರು ಇನ್ನಾ ತಯಾರಾಗಿಲ್ಲ. ಆದ್ರೂ ನಲವತ್ತು ವರ್ಷದ ಸಂಸಾರ, ಕರುಳು ಚುರುಕ್ ಅಂತೈತಿ. ಶನಿವಾರ ಹೇಳಿಬಿಡ್ತೀನಿ, ಹೌದೋ ಅಲ್ಲೋ ಅಂತ.”

ಎಂಥ ದೊಡ್ಡ ಮನಸ್ಸು! ಸುಶಾಂತ ಅವಳ ಒರಟಾದ ಕೈಗಳನ್ನು ಹಿಡಿದುಕೊಂಡು ಅತ್ತೇಬಿಟ್ಟ. ಅವಳು ಅವನ ತಲೆ ಸವರಿದಳು. ಕಣ್ಣು ಮಾತ್ರ ಟೀವಿಯ ಮೇಲೇ ಇತ್ತು.

ಶನಿವಾರ ಒಂಬತ್ತಕ್ಕೆ ಬಂದು ನೋಡಿದರೆ ಮನೆಗೆ ಬೀಗ. ಕಿಟಕಿಯಲ್ಲಿ ಇಣುಕಿದ. ಮೊಳೆಗೆ ತೂಗುತ್ತಿದ್ದ ಅಪ್ಪನ ಕೋಟು ಇಲ್ಲ. ಅವ್ವ ಭಜನೆಯಲ್ಲಿ ಕಣ್ಣು ಮುಚ್ಚಿ ಹಾಡುವ ಹೊತ್ತಿಗೆ ಅಪ್ಪ ಪರಾರಿ. ಸುಶಾಂತ ಕಾರು ಹತ್ತಿದ. ಅವಸರದಲ್ಲಿದ್ದಾಗಲೇ ಟ್ರಾಮು ಅಡ್ಡ ಬರಬೇಕೇ? ಬಂತು. ಕಾಲು ಹಿಡಿದಾದರೂ ಸರಿ, ಅಪ್ಪನನ್ನು ಮನೆಗೆ ಕರೆತಂದೇ ತೀರುತ್ತೇನೆಂದು ಅವನು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದ.

ಹತ್ತಕ್ಕೆ ಐದು ನಿಮಿಷವಿದ್ದಾಗ ಕಟ್ಟೆ ಮುಟ್ಟಿದ. ಅಪ್ಪ ಇನ್ನೂ ಹೋಗಿಲ್ಲ. ನೀರಿನ ಅಂಚಿಗೆ ಸೂಟ್‌ಕೇಸ್ ಇಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನಿಂತಿದ್ದಾರೆ. ಎದುರಿಗೆ ಫೋಟೊದ್ದೇ ದೋಣಿ. ಎಂಜಿನ್ ಗುಡುಗುಡು ಅನ್ನುತ್ತಿದೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಕಪ್ತಾನ, ತಲೆಗೆ ಟೋಪಿ ಎಳೆದುಕೊಂಡು, ಇವರಿಗೆ ಬೆನ್ನು ಮಾಡಿ ಹಾಯಿಯ ಹಗ್ಗ ಜಗ್ಗುತ್ತಿದ್ದಾನೆ. ಕಪ್ತಾನನನ್ನು ಬೇರೆ ಗೊತ್ತುಮಾಡಿದ್ದಾರೆ ಎಂದು ಸುಶಾಂತನ ಪಿತ್ತ ನೆತ್ತಿಗೇರಿತು.

“ಅಪ್ಪಾ, ಅವ್ವನ್ನ ಬಿಟ್ಟು ಹ್ಯಾಂಗ ಇರ್ತೀರಿ?”

“ಇರಾಕ ಆಗೂದಿಲ್ಲ ಅಂತನ ಇಷ್ಟೆಲ್ಲಾ ಒದ್ದಾಡಾಕತ್ತೀನಿ,” ಅಂದರು ಅಡಿವೆಪ್ಪ.

ಕಪ್ತಾನ ಹಗ್ಗ ಬಿಗಿದು, ಟೋಪಿ ಹಿಂದಕ್ಕೆ ಸರಿಸಿ, ದಂಡೆಯತ್ತ ತಿರುಗಿದ.

“ಆತು, ಹತ್ತರಿ ಲಗೂನ,” ಅಂದಳು ಗುರುದೇವಿ, “ಆದ್ರ ಚುಕ್ಕಾಣಿಗೆ ಕೈ ಹಚ್ಚಿದ್ರ, ಮೊದಲನೇ ದ್ವೀಪದಾಗ ನಿಮ್ಮನ್ನ ಇಳಿಸಿ ಮುಂದ ಹೋಗಾಕಿ ನಾ.”