ಬಳ್ಳಿಯ ಬಾಲ

ಒಬ್ಬರ ಕೈಬರಹ ಫಾಂಟ್ ಆಗಿ ಮಾರಾಟವಾದ ಮೇಲೆ ಅದು ಯಾವ ಮನುಷ್ಯನ ಕೈಯಲ್ಲೂ ಉಳಿಯಕೂಡದು ಎಂಬುದು ಕಾನೂನು. ನೀಲಾಂಬಿಕಾಳ ಅಕ್ಷರಗಳು ‘ಬಳ್ಳಿ’ ಎಂಬ ಹೆಸರಿನಲ್ಲಿ ಮದುವೆಯ ಕರೆಯೋಲೆ, ಅತ್ತರಿನ ಸೀಸೆ, ರೇಷ್ಮೆ ಸೀರೆಯ ಪೆಟ್ಟಿಗೆಗಳ ಮೇಲೆಲ್ಲ ಹಬ್ಬಿದ್ದವು. ಮಾರಾಟವಾದ ವಾರವೇ ಅವಳ ಬೆರಳುಗಳನ್ನು ಮುರಿಯಲಾಗಿತ್ತು.

ಇಂದು ತಂಗಿ ಕಸ್ತೂರಿಯ ತಪಾಸಣೆ. ಅವಳಿಗೆ ಬರವಣಿಗೆ ಕಲಿಸಿದವಳು ಅಕ್ಕನೇ ಎಂದು ಯಾರೋ ದೂರಿದ್ದರು. ಅಕ್ಷರ ಹೋಲಿದರೆ ಅವಳ ಬೆರಳುಗಳಿಗೂ ಅದೇ ಗತಿ. ಅಧಿಕಾರಿ ಮುದಕಪ್ಪ ಸುತ್ತಿಗೆಯನ್ನು ಚಹಾದ ಲೋಟದ ಪಕ್ಕದಲ್ಲಿಟ್ಟು, “ಒಂದ್ ಸಾಲು ಬರೀವಾ, ಹೆದರಬ್ಯಾಡ” ಎಂದ.

ಅಕ್ಕ ತಿಂಗಳಿಡೀ ರೂಢಿ ಮಾಡಿಸಿದ್ದಂತೆ ಕಸ್ತೂರಿ ಸೊಟ್ಟಸೊಟ್ಟಗೆ ಬರೆದಳು.

“ಏನವಾ ಇದು, ಕೋಳಿ ಕೆದರಿದಂಗೈತಿ!” ಮುದಕಪ್ಪ ನಕ್ಕ. “ಅಕ್ಕನ ಮರ್ಯಾದಿ ಕಳದಿ ನೋಡು. ಪಾಸಾದಿ ಬಿಡು.”

ತಂಗಿಯ ಬೆನ್ನಿಗೆ ನಿಂತಿದ್ದ ನೀಲಾಂಬಿಕಾ ನಿರಾಳವಾಗಿ ಉಸಿರು ಬಿಟ್ಟಳು. ಮುದಕಪ್ಪ ಚಹಾ ಮುಗಿಸುತ್ತಿದ್ದ. ಕಸ್ತೂರಿ ಮಾತ್ರ ತಾನು ಬರೆದ ಕೊನೆಯ ಅಕ್ಷರವನ್ನೇ ನೋಡುತ್ತಿದ್ದಳು. ಅದರ ಬಾಲ ಅರ್ಧಕ್ಕೆ ನಿಂತಿತ್ತು. ಅವಳ ಕೈ ತಾನಾಗಿಯೇ ಪೆನ್ನೆತ್ತಿ, ಬಾಲವನ್ನು ಥೇಟ್ ‘ಬಳ್ಳಿ’ಯಂತೆಯೇ ಬಳುಕಿಸಿ, ಮೇಲಕ್ಕೆ ಸುತ್ತಿ ಪೂರ್ಣಗೊಳಿಸಿತು.

ಮುದಕಪ್ಪ ಲೋಟ ಕೆಳಗಿಟ್ಟ. “ಅಯ್ಯ ನನ ಮಗಳ, ಸುಮ್ಮನ ಕುಂದ್ರಾಕ ಏನಾಗಿತ್ತು?” ಎಂದ ಮರುಕದಿಂದ. “ಅಂಗೈ ಕೆಳಗ ಮಾಡಿ ಇಡು.”

ಮೊದಲ ಏಟಿಗೇ ಎಲುಬು ಲಟಕ್ಕೆಂದಿತು. “ಅಕ್ಕಾ!” ಎಂದು ಕಸ್ತೂರಿ ಚೀರಿದಳು. ನೀಲಾಂಬಿಕಾ ತಂಗಿಯ ತಲೆಯನ್ನು ಎದೆಗೊತ್ತಿಕೊಂಡಳು. ರಕ್ತ ಹಾಳೆಯತ್ತ ಹರಿಯಿತು. ಏಟಿನ ಮೇಲೆ ಏಟು ಬೀಳುತ್ತಿದ್ದರೂ ನೀಲಾಂಬಿಕಾಳ ಕಣ್ಣು ಆ ಬಾಲವನ್ನು ಬಿಟ್ಟು ಕದಲಲಿಲ್ಲ. ತಾನು ಒಮ್ಮೆಯೂ ಅದನ್ನು ಅಷ್ಟು ಚೆಂದವಾಗಿ ಎಳೆದಿರಲಿಲ್ಲ.